ಸಲಹೆ ಪೆಟ್ಟಿಗೆಯಲ್ಲಿ ಟೀ ಬಿಟ್ಟು ಬೇರೇನೂ ಬರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಮಷೀನಿಂಗ್ ಘಟಕ ಇದೆ. ಅಪ್ಪ ಎರಡು ಲೇಥ್ ಇಟ್ಟು ಶುರು ಮಾಡಿದ್ದು. ಈಗ ಕಂಪ್ಯೂಟರ್ ನಡೆಸುವ ಸಿಎನ್‌ಸಿ, ವಿಎಂಸಿ ಸೇರಿ ಹನ್ನೆರಡು ಮಷೀನು, ಸುಮಾರು ಅರವತ್ತು ಜನ. ಎಲ್ಲವೂ ಗ್ರಾಹಕರ ಡ್ರಾಯಿಂಗ್ ಪ್ರಕಾರ ಮಾಡಿಕೊಡುವ ಜಾಬ್ ವರ್ಕ್. ನಮ್ಮದೇ ಅನ್ನುವಂಥದ್ದು ಏನೂ ಇಲ್ಲ, ರೇಟು ಮಾತ್ರ ವರ್ಷ ವರ್ಷ ಇಳಿಯುತ್ತಿದೆ. ಹೊಸ ಯೋಚನೆ ಬರಲಿ ಎಂದು ಎರಡು ವರ್ಷದ ಹಿಂದೆ ಸಲಹೆ ಪೆಟ್ಟಿಗೆ ಇಟ್ಟೆ. ಟೀ ಸರಿಯಿಲ್ಲ, ಫ್ಯಾನ್ ಹಾಕಿಸಿ ಎಂಬ ಚೀಟಿ ಬಿಟ್ಟರೆ ಏನೂ ಬರಲಿಲ್ಲ, ಈಗ ಅದೂ ನಿಂತಿದೆ. ಶನಿವಾರ ಎಲ್ಲರನ್ನೂ ಕೂರಿಸಿ ಬ್ರೈನ್‌ಸ್ಟಾರ್ಮಿಂಗ್ ಮಾಡಿದರೆ ಎಲ್ಲರೂ ಸೂಪರ್‌ವೈಸರ್ ಮುಖ ನೋಡುತ್ತಾರೆ. ಒಬ್ಬ ಕನ್ಸಲ್ಟೆಂಟ್ 'ಇನ್ನೊವೇಶನ್ ಸೆಲ್' ಮಾಡಿ ಅನ್ನುತ್ತಿದ್ದಾರೆ. ಇತ್ತ ನಮ್ಮ ದೊಡ್ಡ ಗ್ರಾಹಕರು ತಮ್ಮ ಸಪ್ಲೈಯರ್‌ಗಳನ್ನೆಲ್ಲ ಸೇರಿಸಿ, ತಿಂಗಳಿಗೊಮ್ಮೆ ಒಬ್ಬರ ಶಾಪ್ ಇನ್ನೊಬ್ಬರು ನೋಡಿ ಕಲಿಯುವ ಗುಂಪು ಮಾಡುತ್ತಿದ್ದಾರೆ. ಅದರಲ್ಲಿ ನಮ್ಮ ಪ್ರತಿಸ್ಪರ್ಧಿಗಳೂ ಇದ್ದಾರೆ. ಮೊದಲೇ ನಮ್ಮಲ್ಲಿ ಕಲಿತ ಇಬ್ಬರು ಹುಡುಗರು ಕೆಲಸ ಬಿಟ್ಟು ಎರಡು ರಸ್ತೆ ಆಚೆ ಶೆಡ್ ಹಾಕಿದ್ದಾರೆ. ಸಂಸ್ಥೆಯೊಳಗೆ ಹೊಸತನ ಬೆಳೆಯುವುದು ಹೇಗೆ? ಬೇರೆ ಸಂಸ್ಥೆಗಳ ಜೊತೆ ಹಂಚಿಕೊಂಡರೆ ಅದು ಬೆಳೆಯುತ್ತದೋ ಅಥವಾ ಸೋರಿ ಹೋಗುತ್ತದೋ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಟೀ. ಆ ಚೀಟಿ ಬಂದಮೇಲೆ ಟೀ ಸರಿಹೋಯಿತೇ? ಫ್ಯಾನ್ ಬಂತೇ? ಅದನ್ನು ನೀವು ಬರೆದಿಲ್ಲ. ಚೀಟಿ ಬರುವುದೇ ನಿಂತಿದೆ ಎಂದಿದ್ದೀರಿ, ಆದ್ದರಿಂದ ಉತ್ತರ ಊಹಿಸಬಲ್ಲೆ.

ಕ್ಯಾಮೆರಾ ಫಿಲ್ಮಿಗೆ ಹೆಸರಾಗಿದ್ದ ಅಮೆರಿಕದ ಕೊಡಾಕ್ ಕಂಪನಿ 1898ರಲ್ಲೇ ಕಾರ್ಮಿಕರ ಸಲಹೆ ಪಡೆಯುವ ವ್ಯವಸ್ಥೆ ಮಾಡಿತ್ತು. ಅಲ್ಲಿ ಮೊದಲು ಬಹುಮಾನ ಪಡೆದ ಸಲಹೆ ಏನು ಗೊತ್ತೇ? ಕಿಟಕಿ ತೊಳೆಸಿ, ಕೆಲಸ ಮಾಡುವ ಜಾಗಕ್ಕೆ ಬೆಳಕು ಬರಲಿ ಎಂಬುದು. ಅದಕ್ಕೆ ಎರಡು ಡಾಲರ್ ಕೊಟ್ಟರು. ಕೇಳುವವರಿಗೆ ನಗು ಬರಬಹುದು. ಆದರೆ ಯಾವ ಕಾರ್ಮಿಕನೂ ತನ್ನ ಒಳ್ಳೆಯ ಯೋಚನೆಯನ್ನು ಮೊದಲ ಚೀಟಿಯಲ್ಲೇ ಹಾಕುವುದಿಲ್ಲ. ಮೊದಲ ಚೀಟಿ ಮಾಲೀಕರನ್ನು ಪರೀಕ್ಷೆ ಮಾಡಲು ಹಾಕಿದ್ದು. ಸಣ್ಣದನ್ನು ಕೇಳಿ ನೋಡೋಣ, ಓದುತ್ತಾರೋ ಇಲ್ಲವೋ, ಓದಿದರೆ ಏನಾದರೂ ಮಾಡುತ್ತಾರೋ ಇಲ್ಲವೋ ಎಂದು. ನಿಮ್ಮವರು ಎರಡು ವರ್ಷ ಪರೀಕ್ಷೆ ಮಾಡಿ, ಫಲಿತಾಂಶ ನೋಡಿಕೊಂಡು ಸುಮ್ಮನಾಗಿದ್ದಾರೆ. ಅವರಲ್ಲಿ ಯೋಚನೆ ಇಲ್ಲ ಎಂದು ಇದರಿಂದ ತೀರ್ಮಾನಿಸಬೇಡಿ.

ಇದೆ ಎನ್ನುವುದಕ್ಕೆ ಸಾಕ್ಷಿ ಬೇಕಾದರೆ ಎರಡನೇ ಶಿಫ್ಟಿನಲ್ಲಿ ಮಷೀನು ಹೊಂದಿಸುವ ಹಳೆಯ ಸೆಟ್ಟರ್ ಒಬ್ಬರ ಟೂಲ್‌ಬಾಕ್ಸ್ ನೋಡಿ. ಕದ್ದಲ್ಲ, ಅವರನ್ನು ಕೇಳಿಯೇ ನೋಡಿ. ಹಳೆಯ ಹ್ಯಾಕ್ಸಾ ಬ್ಲೇಡನ್ನು ಗ್ರೈಂಡರಿಗೆ ಹಿಡಿದು ತಮಗೆ ಬೇಕಾದ ಕೋನಕ್ಕೆ ಮಸೆದುಕೊಂಡ, ಬರ್ (ಅಂಚಿನಲ್ಲಿ ಉಳಿಯುವ ಚೂಪು ಲೋಹ) ತೆಗೆಯುವ ಕತ್ತಿ ಇರುತ್ತದೆ. ತಣಿಸುವ ದ್ರವ ಕೂಲಂಟ್ ಸರಿಯಾಗಿ ಟೂಲಿನ ತುದಿಗೇ ಬೀಳಲೆಂದು ಬಗ್ಗಿಸಿಟ್ಟ ತಾಮ್ರದ ಪೈಪಿನ ತುಂಡಿರುತ್ತದೆ. ಎಣ್ಣೆ ಹತ್ತಿದ ಒಂದು ಪುಟ್ಟ ಡೈರಿ ಇರುತ್ತದೆ. ಅದರಲ್ಲಿ ಯಾವ ಜಾಬಿಗೆ ಯಾವ ಇನ್ಸರ್ಟ್ (ಟೂಲಿನ ತುದಿಯ ಕತ್ತರಿಸುವ ತುಂಡು) ಎಷ್ಟು ಪೀಸಿನ ನಂತರ ಕೈಕೊಡುತ್ತದೆ, ಬೆಳಗ್ಗೆ ಮಷೀನು ತಣ್ಣಗಿರುವಾಗ ಎಷ್ಟು ಆಫ್‌ಸೆಟ್, ಅಂದರೆ ಅಳತೆಯ ತಿದ್ದುಪಡಿ, ಕೊಡಬೇಕು ಎಂಬುದೆಲ್ಲ ಬರೆದಿರುತ್ತದೆ. ನಿಮ್ಮ ಪ್ರೋಸೆಸ್ ಶೀಟಿನಲ್ಲಿ ಇದು ಯಾವುದೂ ಇಲ್ಲ.

ಇದನ್ನು ಅವರು ನಿಮಗೆ ಯಾಕೆ ಹೇಳಿಲ್ಲ? ಹೇಳಿದರೆ ಏನಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಆರು ನಿಮಿಷದ ಜಾಬು ಐದಕ್ಕೆ ಇಳಿಯುತ್ತದೆ ಎಂದು ತೋರಿಸಿದ ಮರುವಾರವೇ ಟಾರ್ಗೆಟ್ ಏರುತ್ತದೆ. ಉಳಿದ ಒಂದು ನಿಮಿಷ ಮಾಲೀಕರದಾಗುತ್ತದೆ, ಹೆಚ್ಚಿನ ಪೀಸು ಆಪರೇಟರನದಾಗುತ್ತದೆ, ಸಹೋದ್ಯೋಗಿಗಳ ಬೈಗುಳವೂ ಅವನದೇ. ನಿಮ್ಮ ಗ್ರಾಹಕರೂ ನಿಮಗೆ ಮಾಡುತ್ತಿರುವುದು ಇದನ್ನೇ ಎಂಬುದನ್ನು ಗಮನಿಸಿ. ನೀವು ಖರ್ಚು ಇಳಿಸಿದಿರಿ ಎಂದು ಗೊತ್ತಾದ ಕೂಡಲೇ ಅವರು ರೇಟು ಇಳಿಸಲು ಕೇಳುತ್ತಾರೆ, ಆದ್ದರಿಂದ ನೀವೂ ಅವರಿಗೆ ಎಲ್ಲವನ್ನೂ ಹೇಳುವುದಿಲ್ಲ. ಸಂಸ್ಥೆಯ ಒಳಗಿನ ರೋಗವೂ ಸಂಸ್ಥೆಗಳ ನಡುವಿನ ರೋಗವೂ ಒಂದೇ. ಹೊಸ ಯೋಚನೆ ಹುಟ್ಟುವುದು ಅಷ್ಟೇನೂ ಕಷ್ಟವಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಲ್ಲಿ ಅದು ಸಾಯುತ್ತದೆ. ಹೊಸತನ ಬೆಳೆದ ಕಡೆಯೆಲ್ಲ ಯಾರೋ ಈ ದಾಟುವ ಜಾಗವನ್ನು ರಿಪೇರಿ ಮಾಡಿರುತ್ತಾರೆ.

ನಿಮ್ಮ ಶನಿವಾರದ ಸಭೆಯನ್ನು ಸದ್ಯಕ್ಕೆ ನಿಲ್ಲಿಸಿ. ಗುಂಪಾಗಿ ಕೂತು ಬಾಯಿಗೆ ಬಂದ ಯೋಚನೆಯನ್ನೆಲ್ಲ ಹೇಳುವ ಈ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಜಾಹೀರಾತು ಉದ್ಯಮಿ ಅಲೆಕ್ಸ್ ಆಸ್ಬಾರ್ನ್. 1958ರಲ್ಲೇ ಯೇಲ್ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ನಾಲ್ಕು ಜನ ಒಟ್ಟಿಗೆ ಕೂತು ಕೊಟ್ಟ ಯೋಚನೆಗಳಿಗಿಂತ, ನಾಲ್ಕು ಜನ ಬೇರೆಬೇರೆ ಕೂತು ಬರೆದು ಆಮೇಲೆ ಸೇರಿಸಿದ ಯೋಚನೆಗಳೇ ಹೆಚ್ಚಾಗಿದ್ದವು. 1980ರ ದಶಕದಲ್ಲಿ ಜರ್ಮನಿಯಲ್ಲಿ ನಡೆದ ಪ್ರಯೋಗಗಳು ಇದಕ್ಕೆ ಮುಖ್ಯ ಕಾರಣವನ್ನೂ ತೋರಿಸಿದವು: ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಕಾಯುವಷ್ಟರಲ್ಲಿ ಹೊಳೆದದ್ದು ಹಾರಿಹೋಗುತ್ತದೆ. ನಿಮ್ಮಲ್ಲಿ ಸೂಪರ್‌ವೈಸರ್ ಮುಖ ಬೇರೆ ಇದೆ. ಮೊದಲು ಒಬ್ಬೊಬ್ಬರೇ ಬರೆಯಲಿ ಅಥವಾ ಮಷೀನಿನ ಪಕ್ಕ ನಿಂತು ನಿಮಗೆ ಹೇಳಲಿ. ಗುಂಪು ಬೇಕಾಗುವುದು ಆಮೇಲೆ, ಬಂದದ್ದರಲ್ಲಿ ಯಾವುದನ್ನು ಮಾಡಿ ನೋಡೋಣ ಎಂದು ಆರಿಸುವಾಗ.

ಈಗ ನನಗೆ ಬಹಳ ಇಷ್ಟವಾದ ಒಂದು ಉದಾಹರಣೆ. ಸಂಸ್ಥೆಯ ಒಳಗು, ಹೊರಗು ಎರಡೂ ಇದರಲ್ಲಿವೆ. ಕಾರಿಗೆ ಬಣ್ಣ ಹೊಡೆಯುವಾಗ, ಗೋಡೆಗೆ ಪೇಂಟ್ ಮಾಡುವಾಗ ಅಂಚಿಗೆ ಅಂಟಿಸುವ ಕಾಗದದ ಮಾಸ್ಕಿಂಗ್ ಟೇಪ್ ನೀವು ದಿನಾ ನೋಡುತ್ತೀರಿ. ಅದನ್ನು ಮಾಡಿದವನು ರಿಚರ್ಡ್ ಡ್ರೂ, 1920ರ ದಶಕದಲ್ಲಿ 3ಎಂ ಕಂಪನಿಯಲ್ಲಿದ್ದ ಲ್ಯಾಬ್ ತಂತ್ರಜ್ಞ. ಆಗ ಆ ಕಂಪನಿ ಮಾಡುತ್ತಿದ್ದುದು ಉಪ್ಪುಕಾಗದ, ಅಂದರೆ ಸ್ಯಾಂಡ್‌ಪೇಪರ್. ಟೇಪಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ನೀರು ಹಾಕಿ ಉಜ್ಜುವ ಹೊಸ ಉಪ್ಪುಕಾಗದ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಲು ಡ್ರೂ ಮಿನ್ನೆಸೋಟದ ಸೇಂಟ್ ಪಾಲ್ ಊರಿನ ಕಾರ್ ಬಾಡಿ ಶಾಪ್‌ಗಳಿಗೆ ಹೋಗುತ್ತಿದ್ದ. ಅದು ಎರಡು ಬಣ್ಣದ ಕಾರುಗಳ ಫ್ಯಾಷನ್ ಇದ್ದ ಕಾಲ. ಒಂದು ಬಣ್ಣ ಒಣಗಿದ ಮೇಲೆ ಅದನ್ನು ಕಾಗದದಿಂದ ಮುಚ್ಚಿ ಇನ್ನೊಂದು ಬಣ್ಣ ಹೊಡೆಯಬೇಕು. ಆಸ್ಪತ್ರೆಯ ಅಂಟುಪಟ್ಟಿ ಹಾಕಿ ಕಾಗದ ನಿಲ್ಲಿಸಿದರೆ, ಕೀಳುವಾಗ ಬಣ್ಣವೇ ಕಿತ್ತು ಬರುತ್ತಿತ್ತು. ಪೇಂಟರುಗಳು ಬೈಯುತ್ತಿದ್ದರು. ಡ್ರೂ ಅದನ್ನು ಕೇಳಿಸಿಕೊಂಡ. ನಾನು ಮಾಡಿಕೊಡುತ್ತೇನೆ ಎಂದ, ಟೇಪ್ ಮಾಡುವುದು ಹೇಗೆಂದು ತನಗೇ ಗೊತ್ತಿಲ್ಲದಿದ್ದರೂ.

ಅವನ ಕಂಪನಿಯ ಹಿರಿಯ ಅಧಿಕಾರಿ ವಿಲಿಯಂ ಮೆಕ್‌ನೈಟ್ ಇದನ್ನು ಬಿಟ್ಟು ಉಪ್ಪುಕಾಗದದ ಕೆಲಸ ನೋಡು ಎಂದು ಹೇಳಿದ್ದುಂಟು. ಡ್ರೂ ಪೂರ್ತಿ ಬಿಡಲಿಲ್ಲ. ಬೇಕಾದ ಕಾಗದದ ಯಂತ್ರಕ್ಕೆ ಅನುಮತಿ ಸಿಗದಿದ್ದಾಗ, ತನ್ನ ಅಧಿಕಾರದಲ್ಲಿ ನೂರು ಡಾಲರ್‌ವರೆಗೆ ಖರೀದಿ ಮಾಡಬಹುದು ಎಂಬ ನಿಯಮ ಹಿಡಿದು, 99 ಡಾಲರ್‌ನ ಬಿಲ್ಲುಗಳಾಗಿ ಒಡೆದು ಅದನ್ನು ಕೊಂಡ ಎಂದು ಆ ಕಂಪನಿಯವರು ಈಗಲೂ ಹೇಳಿಕೊಳ್ಳುತ್ತಾರೆ. ಸುಕ್ಕು ಸುಕ್ಕಾದ ಕ್ರೇಪ್ ಕಾಗದ ಬಳಸಿದ ಮೇಲೆ ಟೇಪು ಕಾರಿನ ತಿರುವಿಗೂ ಒಗ್ಗಿತು. 1925ರಲ್ಲಿ ಮಾರಾಟಕ್ಕೆ ಬಂತು. ಐದು ವರ್ಷದ ನಂತರ ಅದೇ ಡ್ರೂ ಪಾರದರ್ಶಕ ಸೆಲೋಫೇನ್ ಟೇಪನ್ನೂ ತಂದ.

ಈ ಕಥೆಯನ್ನು ಸಾಮಾನ್ಯವಾಗಿ ಹಠಮಾರಿ ಪ್ರತಿಭಾವಂತನ ಕಥೆಯಾಗಿ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ ಮೂರು ಸಂಗತಿ. ಒಂದು, ಸಮಸ್ಯೆ ಸಿಕ್ಕಿದ್ದು ಅವನ ಕಂಪನಿಯಲ್ಲಲ್ಲ, ಗ್ರಾಹಕರ ಶಾಪ್‌ನಲ್ಲಿ. ಲ್ಯಾಬಿನ ಕೆಳಹಂತದ ನೌಕರನನ್ನು ಅಲ್ಲಿಗೆ ಕಳಿಸಿದ್ದರಿಂದಲೇ ಸಿಕ್ಕಿತು. ಸೇಲ್ಸ್‌ನವರು ಹೋಗಿದ್ದರೆ ಆ ಬೈಗುಳ ಅವರ ಕಿವಿಗೆ ಬೀಳುತ್ತಿತ್ತು, ಆದರೆ ಅದರಲ್ಲಿ ತಮ್ಮ ಕೆಲಸ ಇದೆ ಎಂದು ಹೊಳೆಯುತ್ತಿರಲಿಲ್ಲ. ಎರಡು, ಅಂಟಿನ ಬಗ್ಗೆ ಕಂಪನಿಗೆ ಸ್ವಲ್ಪ ಜ್ಞಾನ ಮೊದಲೇ ಇತ್ತು, ಮರಳಿನ ಕಣವನ್ನು ಕಾಗದಕ್ಕೆ ಹಿಡಿಸುವುದೇ ಅವರ ಕಸುಬು. ಮೂರು, ಆಜ್ಞೆ ಮೀರಿದವನನ್ನು ಮೆಕ್‌ನೈಟ್ ಹೊರಗೆ ಹಾಕಲಿಲ್ಲ. ಬದಲು, 1948ರ ಹೊತ್ತಿಗೆ ತಾಂತ್ರಿಕ ನೌಕರರು ತಮ್ಮ ಸಮಯದ ಶೇ. 15ರಷ್ಟನ್ನು ತಮಗೆ ಸರಿಕಂಡ ಕೆಲಸಕ್ಕೆ ಬಳಸಬಹುದು ಎಂಬ ಪದ್ಧತಿಯೇ ಅಲ್ಲಿ ಬಂತು. ಬಹಳ ಕಂಪನಿಗಳು ಈ ಶೇ. 15ನ್ನು ಮಾತ್ರ ನಕಲು ಮಾಡಿ, ಉಳಿದ ಎರಡನ್ನು ಬಿಟ್ಟು, ಆಮೇಲೆ ಏನೂ ಆಗಲಿಲ್ಲ ಎಂದು ಗೊಣಗುತ್ತವೆ.

ಇನ್ನೊವೇಶನ್ ಸೆಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅರವತ್ತು ಜನರ ಘಟಕಕ್ಕೆ ಅದು ಬೇಡ. ಇಬ್ಬರನ್ನು ಎಸಿ ರೂಮಿನಲ್ಲಿ ಕೂರಿಸಿದ ಮರುದಿನದಿಂದ ಉಳಿದ ಐವತ್ತೆಂಟು ಜನ 'ಯೋಚನೆ ಮಾಡುವುದು ಅವರ ಕೆಲಸ' ಎಂದುಕೊಳ್ಳುತ್ತಾರೆ. ದೊಡ್ಡ ಕಂಪನಿಗಳಲ್ಲಿ ಪ್ರತ್ಯೇಕ ವಿಭಾಗ ಬೇಕಾಗುತ್ತದೆ, ಅದೂ ಈಗಿನ ವ್ಯಾಪಾರಕ್ಕೇ ಪೆಟ್ಟು ಕೊಡುವ ಯೋಚನೆಗಳಿಗಾಗಿ. ಕಿಟಕಿ ತೊಳೆಸಿದ ಅದೇ ಕೊಡಾಕ್‌ನಲ್ಲಿ 1975ರಲ್ಲಿ ಸ್ಟೀವ್ ಸ್ಯಾಸನ್ ಎಂಬ ಎಂಜಿನಿಯರ್ ಫಿಲ್ಮ್ ಇಲ್ಲದ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದ. ಮೂರೂವರೆ ಕಿಲೋ ತೂಕ, ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡ್. ಫಿಲ್ಮ್ ಮಾರಿ ಬದುಕುತ್ತಿದ್ದ ಕಂಪನಿಗೆ ಆ ಯೋಚನೆಯನ್ನು ಕೊನೆಮುಟ್ಟಿಸುವ ದಾರಿ ಇರಲಿಲ್ಲ. ಪೇಟೆಂಟ್ ಮಾಡಿಸಿತು, ಅದರಿಂದ ಮುಂದೆ ಒಳ್ಳೆಯ ಹಣವನ್ನೂ ಗಳಿಸಿತು, 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ನಿಮ್ಮದು ಸದ್ಯಕ್ಕೆ ಈ ಸಮಸ್ಯೆಯಲ್ಲ.

ಅಂದಹಾಗೆ, ಕನ್ಸಲ್ಟೆಂಟ್ ಹೇಳಿದರೆ ಕೇಳುವ ಮಾತನ್ನೇ ಸೆಟ್ಟರ್ ಹೇಳಿದರೆ ಕೇಳದಿರುವುದು ನಮ್ಮಲ್ಲಿ ಹಳೆಯ ಕಾಯಿಲೆ. ಹಿತ್ತಲ ಗಿಡ ಮದ್ದಲ್ಲ.

ಈಗ ನಿಮ್ಮ ಪ್ರಶ್ನೆಯ ಎರಡನೆಯ ಭಾಗ. ನಿಮ್ಮ ನಿಜವಾದ ಆತಂಕ ಇರುವುದು ಇಲ್ಲೇ ಎಂದು ನನಗೆ ಅನಿಸುತ್ತದೆ. ಪ್ರತಿಸ್ಪರ್ಧಿಗಳ ಜೊತೆ ಕೂತು ಕಲಿಯುವುದು ಎಂದರೇನು?

1997ರ ಫೆಬ್ರವರಿ 1, ಶನಿವಾರ. ಜಪಾನಿನ ಕರಿಯ ಪಟ್ಟಣದಲ್ಲಿ ಐಸಿನ್ ಸೇಕಿ ಎಂಬ ಕಂಪನಿಯ ಒಂದು ಕಾರ್ಖಾನೆ ಬೆಳಗಿನ ಜಾವ ಬೆಂಕಿಗೆ ಆಹುತಿಯಾಯಿತು. ಅಲ್ಲಿ ತಯಾರಾಗುತ್ತಿದ್ದುದು ಪಿ-ವಾಲ್ವ್: ಕಾರಿನ ಹಿಂದಿನ ಚಕ್ರಗಳಿಗೆ ಬ್ರೇಕಿನ ಒತ್ತಡ ಎಷ್ಟು ಹೋಗಬೇಕು ಎಂದು ನಿಯಂತ್ರಿಸುವ, ಅಂಗೈಯಲ್ಲಿ ಹಿಡಿಸುವ ಭಾಗ. ಬೆಲೆ ಹೆಚ್ಚಿಲ್ಲ, ಆದರೆ ಒಳಗಿನ ರಂಧ್ರಗಳು ಬಹಳ ನಿಖರವಾಗಿರಬೇಕು. ಟೊಯೋಟಾ ಬಳಸುತ್ತಿದ್ದ ಪಿ-ವಾಲ್ವ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಈ ಒಂದೇ ಕಾರ್ಖಾನೆಯಿಂದ ಬರುತ್ತಿದ್ದವು, ಸ್ಟಾಕ್ ಇರುತ್ತಿದ್ದುದು ಕೆಲವು ಗಂಟೆಗಳಿಗೆ ಆಗುವಷ್ಟು. ದಿನಕ್ಕೆ ಹದಿನೈದು ಸಾವಿರದಷ್ಟು ವಾಹನ ತಯಾರಿಸುತ್ತಿದ್ದ ಕಂಪನಿ ಕೆಲವೇ ದಿನಗಳಲ್ಲಿ ತನ್ನ ಲೈನುಗಳನ್ನು ನಿಲ್ಲಿಸಬೇಕಾಯಿತು. ತಿಂಗಳುಗಟ್ಟಲೆ ನಿಲ್ಲುತ್ತದೆ ಎಂದು ಹೊರಗಿನವರು ಅಂದುಕೊಂಡರು.

ಆದದ್ದು ಬೇರೆ. ಐಸಿನ್ ಅದೇ ದಿನ ಡ್ರಾಯಿಂಗ್‌ಗಳನ್ನು ಕೇಳಿದವರಿಗೆಲ್ಲ ಕೊಟ್ಟಿತು. ಆದರೆ ಡ್ರಾಯಿಂಗ್ ಸಾಲದು ಎಂಬುದು ನಿಮಗೆ ಗೊತ್ತು. ಐಸಿನ್ ಅದನ್ನು ಮಾಡುತ್ತಿದ್ದುದು ಅದಕ್ಕೆಂದೇ ಕಟ್ಟಿದ ವಿಶೇಷ ಯಂತ್ರಗಳಲ್ಲಿ, ಅವು ಸುಟ್ಟುಹೋಗಿದ್ದವು. ಸಹಾಯಕ್ಕೆ ಬಂದವರ ಹತ್ತಿರ ಇದ್ದದ್ದು ಸಾಮಾನ್ಯ ಮಷೀನಿಂಗ್ ಸೆಂಟರ್, ಮಿಲ್ಲಿಂಗ್ ಮಷೀನು. ಅಂದರೆ ಐಸಿನ್‌ನ ಅನುಭವ ಅವರಿಗೆ ಅರ್ಧದಷ್ಟೂ ಉಪಯೋಗವಿಲ್ಲ. ಪ್ರತಿಯೊಬ್ಬರೂ ಭಾಗವನ್ನು ಹಿಡಿದಿಡುವ ತಮ್ಮದೇ ಫಿಕ್ಸ್‌ಚರ್, ತಮ್ಮದೇ ಕ್ರಮ ಕಂಡುಹಿಡಿದುಕೊಳ್ಳಬೇಕಾಯಿತು. ಕಂಡುಕೊಂಡದ್ದನ್ನು ಒಬ್ಬರಿಗೊಬ್ಬರು ಫೋನಿನಲ್ಲಿ ಹೇಳಿದರು. ಅರವತ್ತಕ್ಕೂ ಹೆಚ್ಚು ಕಂಪನಿಗಳು ವಾಲ್ವ್ ತಯಾರಿಸಲು ನಿಂತವು, ಟೂಲು, ಸಾಮಗ್ರಿ ಎಂದು ನೂರಕ್ಕೂ ಹೆಚ್ಚು ಕಂಪನಿಗಳು ಅವರ ಬೆನ್ನಿಗೆ ನಿಂತವು. ಅವರಲ್ಲೊಂದು ಬ್ರದರ್, ಹೊಲಿಗೆ ಯಂತ್ರ ಮಾಡುವವರು, ಕಾರಿನ ಭಾಗವನ್ನು ಎಂದೂ ಮಾಡಿದವರಲ್ಲ. ಮೊದಲ ಸಾವಿರ ವಾಲ್ವ್‌ಗಳನ್ನು ನಾಲ್ಕು ದಿನ ತುಂಬುವ ಮೊದಲೇ ಮಾಡಿಕೊಟ್ಟದ್ದು ಕ್ಯೋರಿತ್ಸು ಸಾಂಗ್ಯೊ ಎಂಬ ಸಣ್ಣ ಕಂಪನಿ. ಒಂದು ವಾರ ಕಳೆದು ಸ್ವಲ್ಪದರಲ್ಲೇ ಟೊಯೋಟಾ ಉತ್ಪಾದನೆ ಹೆಚ್ಚುಕಡಿಮೆ ಮೊದಲಿನಂತಾಯಿತು.

ಈ ನಡುವೆ ರೇಟಿನ ಮಾತು ಯಾರೂ ಎತ್ತಲಿಲ್ಲ. ಪರ್ಚೇಸ್ ಆರ್ಡರ್ ಬರಲಿ, ಆಮೇಲೆ ನೋಡೋಣ ಎಂದು ಯಾರೂ ಕಾಯಲಿಲ್ಲ. ಎಲ್ಲ ಮುಗಿದ ಮೇಲೆ ಐಸಿನ್ ಅವರ ನೇರ ಖರ್ಚನ್ನು ಕೊಟ್ಟಿತು. ಟೊಯೋಟಾ ತನ್ನ ಮೊದಲ ಹಂತದ ಸಪ್ಲೈಯರ್‌ಗಳಿಗೆ, ಜನವರಿಯಿಂದ ಮಾರ್ಚ್‌ವರೆಗೆ ಅವರು ತನಗೆ ಮಾರಿದ ಮೊತ್ತದ ಶೇ. 1ರಷ್ಟನ್ನು ಮೇಲೆ ಕೊಟ್ಟಿತು. ಪಡೆದವರಲ್ಲಿ ಹಲವರು ಅದನ್ನು ತಮ್ಮ ಕೆಳಗಿನ ಸಪ್ಲೈಯರ್‌ಗಳಿಗೂ ಹಂಚಿದರು.

ಇದನ್ನು ಜಪಾನಿ ಸಂಸ್ಕೃತಿ, ಶಿಸ್ತು ಎಂದೆಲ್ಲ ಹೊಗಳುವವರಿದ್ದಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಒಂದೇ ಕಟ್ಟಡದಿಂದ ಇಡೀ ಸರಬರಾಜು, ಕೆಲವು ಗಂಟೆಯ ಸ್ಟಾಕು ಎಂಬುದು ಮೂಲತಃ ಅವಿವೇಕ, ಅದನ್ನು ಮುಚ್ಚಿಟ್ಟು ಹೊಗಳುವುದು ಸರಿಯಲ್ಲ. ಆದರೆ ಆ ಚುರುಕು ಒಂದು ರಾತ್ರಿಯಲ್ಲಿ ಬಂದದ್ದಲ್ಲ, ಅದಕ್ಕೆ ಕಾಣುವಂಥ ಕಾರಣಗಳಿವೆ. ಟೊಯೋಟಾ ಸಪ್ಲೈಯರ್‌ಗಳ ಸಂಘ 1943ರಿಂದ ಇದೆ. 1970ರ ದಶಕದಿಂದ ಐದಾರು ಸಪ್ಲೈಯರ್‌ಗಳ ಗುಂಪುಗಳು ಸರದಿಯಲ್ಲಿ ಒಬ್ಬೊಬ್ಬರ ಶಾಪ್‌ಗೆ ಹೋಗಿ, ಅಲ್ಲಿನ ನಿಜವಾದ ಒಂದು ಸಮಸ್ಯೆಯನ್ನು ಎಲ್ಲರೂ ಸೇರಿ ಬಿಡಿಸುವ ಪದ್ಧತಿ ಇದೆ. ನೇರ ಪ್ರತಿಸ್ಪರ್ಧಿಗಳನ್ನು ಸಾಮಾನ್ಯವಾಗಿ ಒಂದೇ ಗುಂಪಿಗೆ ಹಾಕುವುದಿಲ್ಲ. ಟೊಯೋಟಾದ ತಜ್ಞರು ಬಂದು ಕಲಿಸಿದ್ದಕ್ಕೆ ಶುಲ್ಕವಿಲ್ಲ, ಉಳಿತಾಯ ಕಂಡ ಕೂಡಲೇ ರೇಟು ಕತ್ತರಿಸುವುದಿಲ್ಲ. ಆದರೆ ಕಲಿಯಬೇಕಾದರೆ ನಿಮ್ಮ ಶಾಪ್ ಬಾಗಿಲನ್ನೂ ತೆರೆಯಬೇಕು. ಹೀಗೆ ದಶಕಗಳ ಕಾಲ ಒಬ್ಬರ ಮಷೀನನ್ನು ಇನ್ನೊಬ್ಬರು ನೋಡಿದ್ದರಿಂದಲೇ ಬೆಂಕಿಯ ದಿನ ಯಾರಿಗೆ ಏನು ಬರುತ್ತದೆ, ಯಾರಿಗೆ ಫೋನ್ ಮಾಡಬೇಕು ಎಂಬುದು ಗೊತ್ತಿತ್ತು. ಟೊಯೋಟಾದವರು ಸಲಹೆ ವ್ಯವಸ್ಥೆಯನ್ನು ಕೂಡ ಅಮೆರಿಕದ ಫೋರ್ಡ್ ಕಾರ್ಖಾನೆಯಲ್ಲಿ ನೋಡಿ ಬಂದು 1951ರಲ್ಲಿ ಶುರು ಮಾಡಿದ್ದು. ಟೊಯೋಟಾ 1999ರ ಕೊನೆಗೆ ನಮ್ಮ ಬಿಡದಿಯಲ್ಲೇ ಉತ್ಪಾದನೆ ಶುರು ಮಾಡಿದ್ದರಿಂದ, ಇಂಥ ಗುಂಪುಗಳ ಬಗ್ಗೆ ನೇರ ಅನುಭವ ಇರುವ ಬಿಡಿಭಾಗ ತಯಾರಕರು ಬೆಂಗಳೂರಿನ ಸುತ್ತಮುತ್ತ ನಿಮಗೆ ಸಿಗುತ್ತಾರೆ. ಸೇರುವ ಮೊದಲು ಅಂಥವರೊಬ್ಬರ ಜೊತೆ ಮಾತಾಡಿ.

ನಿಮ್ಮ ಗ್ರಾಹಕರ ಗುಂಪು ಸೇರಬೇಕೇ ಎಂಬುದಕ್ಕೆ ನನ್ನ ಉತ್ತರ ಹೀಗಾಗಿ ಶರತ್ತಿನದು. ಸೇರುವ ಮೊದಲು ಎರಡು ಪ್ರಶ್ನೆ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಈ ಗುಂಪಿನಿಂದ ನಾವು ಉಳಿಸಿದ ಹಣದಲ್ಲಿ ನಮ್ಮ ಪಾಲೆಷ್ಟು, ಎಷ್ಟು ಕಾಲ? ನಾವು ಮಾಡುವ ಭಾಗವನ್ನೇ ಮಾಡುವವರನ್ನು ನಮ್ಮ ಜೊತೆ ಹಾಕುತ್ತೀರಾ? ಮೊದಲನೆಯದಕ್ಕೆ ಹಾರಿಕೆಯ ಉತ್ತರ ಬಂದರೆ ಅದು ಕಲಿಯುವ ಗುಂಪಲ್ಲ, ರೇಟು ಇಳಿಸುವ ಗುಂಪು. ನಯವಾಗಿ ತಪ್ಪಿಸಿಕೊಳ್ಳಿ. ಒಪ್ಪಿದರೆ ಖಂಡಿತ ಸೇರಿ. ಮೊದಲ ಭೇಟಿಗೆ ಮ್ಯಾನೇಜರನ್ನು ಕಳಿಸಬೇಡಿ, ಡೈರಿ ಇಟ್ಟುಕೊಂಡಿರುವ ಆ ಸೆಟ್ಟರನ್ನು ಕಳಿಸಿ. ಅವರ ಕಣ್ಣಿಗೆ ಬೀಳುವುದು ಬೇರೆಯವರ ಕಣ್ಣಿಗೆ ಬೀಳುವುದಿಲ್ಲ.

ಹೀಗೆ ಎರಡು ಕಡೆ ಕಾಲಿಟ್ಟವರಿಂದಲೇ ಒಳ್ಳೆಯ ಯೋಚನೆ ಬರುತ್ತದೆ ಎಂಬುದಕ್ಕೆ ಸಂಶೋಧನೆಯ ಆಧಾರವೂ ಇದೆ. ರೊನಾಲ್ಡ್ ಬರ್ಟ್ ಎಂಬ ಸಮಾಜಶಾಸ್ತ್ರಜ್ಞ ಅಮೆರಿಕದ ಒಂದು ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ, ಸಾಮಗ್ರಿ ಪೂರೈಕೆ ನೋಡಿಕೊಳ್ಳುವ ನೂರಾರು ಮ್ಯಾನೇಜರ್‌ಗಳಿಂದ ಸುಧಾರಣೆಯ ಸಲಹೆ ಬರೆಸಿ, ಹಿರಿಯ ಅಧಿಕಾರಿಗಳಿಂದ ಅಂಕ ಹಾಕಿಸಿದರು. 2004ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹೆಚ್ಚು ಅಂಕ ಬಂದದ್ದು ತಮ್ಮ ವಿಭಾಗದಾಚೆ ಬೇರೆಬೇರೆ ಗುಂಪುಗಳ ಜೊತೆ ಒಡನಾಟ ಇದ್ದವರ ಸಲಹೆಗಳಿಗೆ. ಅದೇ ಅಧ್ಯಯನದ ಇನ್ನೊಂದು ಸಂಗತಿಯನ್ನು ಜನ ಮರೆಯುತ್ತಾರೆ: ಬಂದ ಯೋಚನೆಗಳಲ್ಲಿ ಬಹುಪಾಲು ಹತ್ತಿರದ ಸಹೋದ್ಯೋಗಿಯ ಜೊತೆಗಿನ ಮಾತಿಗೇ ಮುಗಿದುಹೋಗಿದ್ದವು, ಮುಂದೆ ಹೋಗಲೇ ಇಲ್ಲ.

ನಮ್ಮ ಕಡೆಯದೇ ಒಂದು ಉದಾಹರಣೆ ಪ್ರತಿ ಚುನಾವಣೆಯಲ್ಲೂ ನಿಮ್ಮ ಬೆರಳಿನ ಮೇಲೆ ಇರುತ್ತದೆ. ಒಬ್ಬರೇ ಎರಡು ಸಲ ಮತ ಹಾಕುವುದು ಚುನಾವಣಾ ಆಯೋಗದ ತಲೆನೋವು. ಅಳಿಸಲಾಗದ ಶಾಯಿಯ ಸೂತ್ರ ಸಿಕ್ಕಿದ್ದು ದೆಹಲಿಯ ರಾಷ್ಟ್ರೀಯ ಭೌತಪ್ರಯೋಗಾಲಯದಲ್ಲಿ. ಅದರಲ್ಲಿನ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಕಿ ಬೆಳಕು ಬಿದ್ದಾಗ ಕಪ್ಪಾಗಿ, ಆ ಚರ್ಮದ ಪದರ ಉದುರುವವರೆಗೆ ಹೋಗುವುದಿಲ್ಲ. ಅದನ್ನು ತಯಾರಿಸಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣಕ್ಕಾಗಿ ಶುರುವಾದ ಮೈಸೂರಿನ ಕಾರ್ಖಾನೆ, ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ಪ್ರಯೋಗಾಲಯದ ಸಂಶೋಧನೆಗಳನ್ನು ಕಾರ್ಖಾನೆಗಳಿಗೆ ದಾಟಿಸುವುದಕ್ಕೆಂದೇ ಇದ್ದ ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮ ನಡುವೆ ನಿಂತು ಲೈಸೆನ್ಸ್ ಕೊಡಿಸಿತು. 1962ರ ಚುನಾವಣೆಯಿಂದ ಇಂದಿನವರೆಗೆ ಅದೇ ಶಾಯಿ. ಸಮಸ್ಯೆ ಇದ್ದವರು ಒಬ್ಬರು, ವಿದ್ಯೆ ಇದ್ದವರು ಇನ್ನೊಬ್ಬರು, ಡ್ರಮ್ಮು ಮತ್ತು ಕೆಲಸಗಾರರು ಇದ್ದವರು ಮತ್ತೊಬ್ಬರು. ಆ ಮಧ್ಯವರ್ತಿ ನಿಗಮದ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ನಿಮಗೆ ಅಂಥ ಮಧ್ಯವರ್ತಿ ಹತ್ತಿರದಲ್ಲೇ ಇದೆ. ತುಮಕೂರು ರಸ್ತೆಯಲ್ಲಿ 1962ರಿಂದ ಇರುವ ಸಿಎಂಟಿಐ ಯಂತ್ರೋಪಕರಣಗಳ ಸಂಶೋಧನೆಗೆಂದೇ ಹುಟ್ಟಿದ ಸಂಸ್ಥೆ. ಪೀಣ್ಯದವರು ಎಷ್ಟೋ ಮಂದಿ ಅದರ ಗೇಟಿನ ಮುಂದೆ ದಿನಾ ಹೋಗುತ್ತಾರೆ, ಒಳಗೆ ಹೋದವರು ಕಡಿಮೆ. ಆದರೆ ಬರಿಗೈಯಲ್ಲಿ ಹೋಗಬೇಡಿ. ಹೊರಗಿನ ಜ್ಞಾನವನ್ನು ತೆಗೆದುಕೊಳ್ಳಲು ನಮ್ಮೊಳಗೆ ಒಂದಿಷ್ಟು ಜ್ಞಾನ ಮೊದಲೇ ಇರಬೇಕು. ಯಾವ ಜಾಬಿನಲ್ಲಿ ಎಷ್ಟು ರಿಜೆಕ್ಷನ್, ಯಾವ ಅಳತೆಯಲ್ಲಿ, ಯಾವ ಹೊತ್ತಿನಲ್ಲಿ ಎಂಬ ಲೆಕ್ಕ ನಿಮ್ಮ ಹತ್ತಿರ ಇದ್ದರೆ ಅಲ್ಲಿನವರು ಅರ್ಧ ದಿನದಲ್ಲಿ ದಾರಿ ತೋರಿಸಬಹುದು. 'ಏನಾದರೂ ಹೊಸದು ಬೇಕು ಸರ್' ಎಂದು ಹೋದರೆ ಟೀ ಕುಡಿದು ಬರುತ್ತೀರಿ.

ಇನ್ನು ಶೆಡ್ ಹಾಕಿದ ಹುಡುಗರು. ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಮುಂದಿನವರಿಂದ 'ಎರಡು ವರ್ಷ ಇದೇ ಕೆಲಸ ಮಾಡುವುದಿಲ್ಲ' ಎಂದು ಬರೆಸಿಕೊಳ್ಳೋಣ ಎಂದು ಯಾರಾದರೂ ಸಲಹೆ ಕೊಟ್ಟರೆ, ಅದು ನಡೆಯುವುದಿಲ್ಲ ಎಂದು ತಿಳಿದಿರಲಿ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಒಬ್ಬರ ಕಸುಬನ್ನು ತಡೆಯುವ ಕರಾರು ಅಸಿಂಧು. ಕೆಲಸದಲ್ಲಿ ಇರುವಷ್ಟು ಕಾಲ ಹೊರಗೆ ದುಡಿಯಬಾರದು ಎನ್ನಬಹುದು, ಗ್ರಾಹಕರ ಡ್ರಾಯಿಂಗ್ ಹೊರಗೆ ಕೊಡಬಾರದು ಎನ್ನಬಹುದು. ಬಿಟ್ಟ ಮೇಲೆ ಲೇಥ್ ಮುಟ್ಟಬಾರದು ಎನ್ನಲಾಗದು. ತಮಾಷೆಯೆಂದರೆ, ಈ ಸೆಕ್ಷನ್ನಿಗೆ ಮೂಲ ನ್ಯೂಯಾರ್ಕ್‌ನ ವಕೀಲ ಡೇವಿಡ್ ಡಡ್ಲಿ ಫೀಲ್ಡ್ ಬರೆದ ಒಂದು ಕರಡು. ನ್ಯೂಯಾರ್ಕ್ ಅದನ್ನು ಒಪ್ಪಲಿಲ್ಲ. ಒಪ್ಪಿದ್ದು ಇಂಡಿಯಾ ಮತ್ತು, ಅದೇ 1872ರಲ್ಲಿ, ಕ್ಯಾಲಿಫೋರ್ನಿಯಾ. ಸಿಲಿಕಾನ್ ವ್ಯಾಲಿಯಲ್ಲಿ ಎಂಜಿನಿಯರ್‌ಗಳು ಒಂದು ಕಂಪನಿ ಬಿಟ್ಟು ಪಕ್ಕದಲ್ಲೇ ಇನ್ನೊಂದು ತೆರೆಯಲು ಸಾಧ್ಯವಾದದ್ದಕ್ಕೆ ಈ ಕಾನೂನು ಒಂದು ಕಾರಣ ಎಂದು ವಾದಿಸುವವರಿದ್ದಾರೆ. 1957ರಲ್ಲಿ ಎಂಟು ಜನ, ಟ್ರಾನ್ಸಿಸ್ಟರ್ ಸಂಶೋಧಕರಲ್ಲೊಬ್ಬರಾದ ಶಾಕ್ಲಿಯವರ ಪ್ರಯೋಗಾಲಯ ಬಿಟ್ಟು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು, ಅವರಲ್ಲಿ ಇಬ್ಬರು 1968ರಲ್ಲಿ ಅದನ್ನೂ ಬಿಟ್ಟು ಇಂಟೆಲ್ ಕಟ್ಟಿದರು. ಅತ್ತ ಬಾಸ್ಟನ್ ಸುತ್ತಲಿನ ರೂಟ್ 128ರ ಕಂಪ್ಯೂಟರ್ ಕಂಪನಿಗಳು ಎಲ್ಲವನ್ನೂ ತಮ್ಮ ಗೋಡೆಯೊಳಗೇ ಇಟ್ಟುಕೊಂಡವು, ಅಲ್ಲಿ ಇಂಥ ತಡೆ ಕರಾರುಗಳೂ ನಡೆಯುತ್ತಿದ್ದವು. ಎಪ್ಪತ್ತರ ದಶಕದಲ್ಲಿ ಎರಡೂ ಸರಿಸಮವಾಗಿದ್ದವು, ತೊಂಬತ್ತರ ಹೊತ್ತಿಗೆ ಬಾಸ್ಟನ್ ಹಿಂದೆ ಬಿದ್ದಿತ್ತು. ಕಾನೂನೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಬಿಟ್ಟುಹೋದವರು ಶತ್ರುಗಳಾಗಲೇಬೇಕಿಲ್ಲ ಎಂಬುದು ಅಲ್ಲಿ ಕಂಡಿದೆ.

ಪೀಣ್ಯದಲ್ಲೂ ಹಾಗೆಯೇ. 1950ರ ದಶಕದಲ್ಲಿ ಪಕ್ಕದ ಜಾಲಹಳ್ಳಿಯಲ್ಲಿ ಯಂತ್ರೋಪಕರಣ ಮಾಡುವ ಸರ್ಕಾರಿ ಕಾರ್ಖಾನೆ ಎಚ್‌ಎಂಟಿ ಬಂದಮೇಲೆ ಅಲ್ಲಿ ಕೈ ಪಳಗಿಸಿಕೊಂಡವರು ಬೆಂಗಳೂರಿನ ಎಷ್ಟು ಶೆಡ್ಡುಗಳಲ್ಲಿ ಲೇಥ್ ಹಾಕಿದರು ಎಂಬುದನ್ನು ನಿಮ್ಮ ತಂದೆಯವರನ್ನೇ ಕೇಳಿ. ಅವರೇ ಎಲ್ಲಿ ಕಲಿತರು ಎಂದೂ ಕೇಳಿ.

ಹಾಗಾದರೆ ಸೋಮವಾರದಿಂದ ಏನು ಮಾಡುವುದು? ಟೀ ಬದಲಿಸಿ, ಫ್ಯಾನ್ ಹಾಕಿಸಿ. ಪೆಟ್ಟಿಗೆ ತೆಗೆದು, ಪ್ರತಿ ಮಷೀನಿನ ಪಕ್ಕ ಒಂದು ಬಿಳಿ ಬೋರ್ಡ್ ಹಾಕಿ. ಬರೆದದ್ದಕ್ಕೆ ಏಳು ದಿನದೊಳಗೆ ನೀವೇ ಅದೇ ಬೋರ್ಡಿನಲ್ಲಿ ಉತ್ತರ ಬರೆಯಿರಿ: ಮಾಡುತ್ತೇವೆ, ಮಾಡುವುದಿಲ್ಲ, ಯಾಕೆ. 'ನೋಡೋಣ' ಎಂದು ಬರೆಯಬೇಡಿ. ಯಾರ ಸಲಹೆಯಿಂದ ಸಮಯ ಉಳಿಯಿತೋ ಆ ಜಾಬಿನ ಟಾರ್ಗೆಟನ್ನು ಒಂದು ವರ್ಷ ಮುಟ್ಟುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿ, ಹೇಳಿದ್ದನ್ನು ಉಳಿಸಿಕೊಳ್ಳಿ. ಒಂದು ಸಲ ಮುರಿದರೆ ಮತ್ತೆ ಯಾರೂ ನಂಬುವುದಿಲ್ಲ. ಸೂಪರ್‌ವೈಸರ್ ಅಡ್ಡ ಬರುತ್ತಾರೆ ಎಂದುಕೊಳ್ಳಬೇಡಿ. ಅವರಿಗೆ ಭಯ ಇರುತ್ತದೆ, 'ಇಷ್ಟು ದಿನ ನಿನಗೆ ಯಾಕೆ ಹೊಳೆಯಲಿಲ್ಲ' ಎಂದು ನೀವು ಕೇಳಿಬಿಡುತ್ತೀರೇನೋ ಎಂದು. ಕೇಳಬೇಡಿ. ಅವರ ವಿಭಾಗದಿಂದ ಬಂದ ಸಲಹೆಗಳು ಅವರ ಲೆಕ್ಕಕ್ಕೂ ಸೇರಲಿ.

ತಿಂಗಳಿಗೊಮ್ಮೆ ಇಬ್ಬರು ಆಪರೇಟರುಗಳನ್ನು ಗ್ರಾಹಕರ ಅಸೆಂಬ್ಲಿ ಲೈನಿಗೆ ಕಳಿಸಿ, ತಾವು ಮಾಡಿದ ಭಾಗ ಎಲ್ಲಿ ಕೂರುತ್ತದೆ, ಕೂರಿಸುವವನು ಯಾವಾಗ ಬೈಯುತ್ತಾನೆ ಎಂದು ನೋಡಿಬರಲಿ. 'ನಮ್ಮದೇ ಅನ್ನುವಂಥದ್ದು ಏನೂ ಇಲ್ಲ' ಎಂದಿರಲ್ಲ, ಆ ಕೊರತೆ ನೀಗುವ ದಾರಿ ಬಹುಶಃ ಇದರಲ್ಲೇ ಇದೆ. ಒಂದು ಅಳತೆ ಬದಲಿಸಿದರೆ, ಎರಡು ಭಾಗ ಸೇರಿಸಿ ಒಂದು ಮಾಡಿದರೆ ಎಲ್ಲರಿಗೂ ಸುಲಭ ಎಂದು ತೋರಿಸಬಲ್ಲ ಜಾಬ್ ವರ್ಕಿನವರ ಹತ್ತಿರ ಗ್ರಾಹಕರು ಡ್ರಾಯಿಂಗ್ ಪೂರ್ತಿಯಾಗುವ ಮೊದಲೇ ಬರಲು ಶುರು ಮಾಡುತ್ತಾರೆ. ಆಗ ರೇಟಿನ ಮಾತೂ ಬೇರೆಯಾಗುತ್ತದೆ.

ಆ ಇಬ್ಬರು ಹುಡುಗರನ್ನು ಒಮ್ಮೆ ಕರೆಸಿ. ನಿಮ್ಮ ಕೈಯಲ್ಲಿ ಆಗದಷ್ಟು ಕೆಲಸ ಬಂದ ತಿಂಗಳು ಒಂದು ಸಣ್ಣ ಲಾಟ್ ಅವರಿಗೆ ಕೊಟ್ಟು ನೋಡಿ. ನಿಮ್ಮ ಅಳತೆ, ನಿಮ್ಮ ಫಿನಿಶಿಂಗ್ ಏನೆಂದು ಬಲ್ಲ ಸಬ್‌ಕಾಂಟ್ರಾಕ್ಟರ್ ನಿಮಗೆ ಬೇರೆಲ್ಲೂ ಸಿಗುವುದಿಲ್ಲ. ಲಾಟ್ ವಾಪಸ್ ಬಂದಾಗ ಅವರು ಅದನ್ನು ನಿಮ್ಮ ಕ್ರಮದಲ್ಲೇ ಮಾಡಿದರೋ, ಬೇರೆ ಸೆಟ್ಟಿಂಗ್‌ನಲ್ಲಿ ಮಾಡಿದರೋ ಎಂದು ಮರೆಯದೆ ವಿಚಾರಿಸಿ.